ಹಳೇ ಮೋಡೆಮ್ ಹೊಸ ಫೋನಿನಲ್ಲಿ ಯಾಕೆ ತೊದಲುತ್ತೆ?

ಫೋನ್ ತಂತಿಯಲ್ಲೇ ಇಂಟರ್‌ನೆಟ್ ಬರುತ್ತಿದ್ದ ಕಾಲ ಒಂದಿತ್ತು. ವಿಎಸ್‌ಎನ್‌ಎಲ್ ಸಂಸ್ಥೆ 1995ರ ಆಗಸ್ಟ್ 15ರಂದು ನಮ್ಮ ದೇಶದ ಜನರಿಗೆ ಇಂಟರ್‌ನೆಟ್ ಕೊಟ್ಟಿತು. ಆಗ ಕಂಪ್ಯೂಟರಿಗೂ ಫೋನಿಗೂ ನಡುವೆ ಇರುತ್ತಿದ್ದ ಪೆಟ್ಟಿಗೆಯೇ ಮೋಡೆಮ್.

ಮೋಡೆಮ್ ಏನು ಮಾಡುತ್ತೆ?
ಕಂಪ್ಯೂಟರಿಗೆ ಗೊತ್ತಿರೋದು 0 ಮತ್ತು 1. ಫೋನಿಗೆ ಗೊತ್ತಿರೋದು ಸದ್ದು. ಅದೂ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ. ಮೋಡೆಮ್ ಅಂಕಿಗಳನ್ನು ಸದ್ದು ಮಾಡಿ ಕಳಿಸುತ್ತದೆ. ಆಚೆ ಕಡೆಯ ಮೋಡೆಮ್ ಆ ಸದ್ದನ್ನು ಮತ್ತೆ ಅಂಕಿ ಮಾಡುತ್ತದೆ. ಕರೆ ಸೇರಿದಾಗ ಬರುವ ‘ಕುಂಯ್, ಕರ್ರ್’ ಅನ್ನೋದು ಎರಡೂ ಮೋಡೆಮ್ ಸೇರಿ ವೇಗವನ್ನು ಗೊತ್ತುಮಾಡಿಕೊಳ್ಳುವ ಸದ್ದು. ಕೊನೆಗೆ ಬಂದ ಮೋಡೆಮ್‌ಗಳ ವೇಗ ಸೆಕೆಂಡಿಗೆ ಹೆಚ್ಚೆಂದರೆ 56,000 ಬಿಟ್.

ಹೊಸ ಫೋನಿನಲ್ಲಿ ಏನಾಗುತ್ತೆ?
ಫೈಬರ್ ಫೋನಿನಲ್ಲಿ ಮಾತು ಇಂಟರ್‌ನೆಟ್ಟಿನ ರೀತಿಯಲ್ಲೇ ಹೋಗುತ್ತದೆ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆದು, ಸಾಮಾನ್ಯವಾಗಿ ಸೆಕೆಂಡಿಗೆ 50 ಪೊಟ್ಟಣ ಕಟ್ಟಿ ಕಳಿಸುತ್ತಾರೆ.

ಅರಸೀಕೆರೆಯಿಂದ ಬೇಲೂರಿಗೆ ಕಾಗದದ ಹಾಳೆಗಳನ್ನು ಒಂದೊಂದಾಗಿ ಬೇರೆ ಬೇರೆ ಬಸ್ಸಿನಲ್ಲಿ ಕಳಿಸಿದಿರಿ ಅನ್ನಿ. ಕೆಲವು ಜಾವಗಲ್, ಹಳೇಬೀಡು ಮೇಲೆ ಹೋದವು. ಕೆಲವು ಹಾಸನದ ಮೇಲೆ. ಒಂದು ತಡವಾಯಿತು, ಒಂದು ಕಳೆದೇಹೋಯಿತು. ಅದು ಯೋಗಕ್ಷೇಮದ ಕಾಗದವಾದರೆ ಓದುವವರು ಊಹಿಸಿಕೊಳ್ತಾರೆ. ತೆಂಗಿನಕಾಯಿ ಲೆಕ್ಕವಾದರೆ? ಮೊತ್ತವೇ ತಪ್ಪು! ಮಾತು ಮೊದಲನೆಯ ಕಾಗದದ ಹಾಗೆ, ಮೋಡೆಮ್ ಸದ್ದು ಎರಡನೆಯದರ ಹಾಗೆ. ಜೊತೆಗೆ, ಜಾಗ ಉಳಿಸಲು ಧ್ವನಿಯನ್ನು ಹಿಂಡಿದರೆ ಮನುಷ್ಯರ ಮಾತು ತಿಳಿಯುತ್ತೆ, ಮೋಡೆಮ್ ಸದ್ದು ಕೆಡುತ್ತೆ.

ಉಪಾಯವಿದೆಯೇ?
ಇದೆ. ಧ್ವನಿಯನ್ನು ಹಿಂಡದೆ ಕಳಿಸುವ ಜಿ.711 ಕ್ರಮವನ್ನು ಆರಿಸಬೇಕು. ಮೋಡೆಮ್ ವೇಗವನ್ನು ತಗ್ಗಿಸಬೇಕು. ನಿಧಾನವಾಗಿ ಬರೆದ ಅಕ್ಷರ ಮಸುಕಾದರೂ ಓದಬಹುದಲ್ಲವೇ, ಹಾಗೆ. ಫ್ಯಾಕ್ಸ್‌ಗೆ ಟಿ.38 ಎಂಬ ಬೇರೆ ಕ್ರಮವೇ ಇದೆ.

ನೆನಪಿಡಿ
ತಾಮ್ರದ ತಂತಿಯ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ಸುಮಾರು 48 ವೋಲ್ಟ್ ಬರುತ್ತದೆ. ಊರಲ್ಲಿ ಕರೆಂಟ್ ಹೋದರೂ ಅದು ಮಾತಾಡುತ್ತೆ. ಫೈಬರ್ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. ರಾತ್ರಿ ಕರೆಂಟಿಲ್ಲದಾಗ ಅಜ್ಜಿಗೆ ಎದೆನೋವು ಬಂದರೆ 108ಕ್ಕೆ ಕರೆ ಮಾಡೋದು ಹೇಗೆ? ಆದ್ದರಿಂದ ಫೈಬರ್ ಹಾಕಿಸಿದ ಮನೆಯಲ್ಲಿ ಪೆಟ್ಟಿಗೆಗೆ ಬ್ಯಾಟರಿ ಇರಲಿ, ಒಂದು ಮೊಬೈಲಾದರೂ ಚಾರ್ಜ್ ಆಗಿರಲಿ.

ಉತ್ತರ ಹೇಳಿ:
1. ಸೆಕೆಂಡಿಗೆ 8000 ಅಳತೆ, 50 ಪೊಟ್ಟಣ. ಒಂದು ಪೊಟ್ಟಣದಲ್ಲಿ ಎಷ್ಟು ಅಳತೆ?
2. ನಿಮ್ಮ ಮನೆ ಫೋನು ಕರೆಂಟ್ ಹೋದಾಗ ಕೆಲಸ ಮಾಡುತ್ತದೆಯೇ? ಇವತ್ತೇ ನೋಡಿ.