ಮೋಲ್ ಮತ್ತು ಮೈಲುತುತ್ತು

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ, ಮುಂದೆ ಇಂಗ್ಲಿಷಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಸಿಸುವ ನಮ್ಮ ಕಾಸರಗೋಡಿನ ಮಕ್ಕಳು ಭಾಷೆಯ ತೊಡಕಿನಿಂದ ಹಿಂದುಳಿಯುತ್ತಾರೆಂದು ಹೇಳುವವರಿದ್ದಾರೆ. ಪದವಿ ತರಗತಿಗಳಲ್ಲಿ ಈ ವಿಷಯವನ್ನು ಬೋಧಿಸಿದ ನನಗೆ ಹಾಗೆ ತೋರುವುದಿಲ್ಲ. ಅವರು ಎಡವುವುದು ‘ಮೋಲ್’ ಎಂಬ ಒಂದೇ ಪರಿಕಲ್ಪನೆಯಲ್ಲಿ. ಇಂಗ್ಲಿಷ್ ಮಾಧ್ಯಮದವರು ಎಡವುವುದೂ ಅಲ್ಲಿಯೇ. ಅದು ಮನವರಿಕೆಯಾಗದಿದ್ದರೆ ದ್ರಾವಣಗಳ ಸಾರತೆಯಾಗಲಿ ಅನಿಲ ನಿಯಮಗಳಾಗಲಿ ಕೈಗೆ ಹತ್ತವು. ಬಾಯಿಪಾಠವೊಂದೇ ಗತಿಯಾಗುತ್ತದೆ. ಬಾಯಿಪಾಠದ ರಸಾಯನಶಾಸ್ತ್ರ ಮೊದಲ ವರ್ಷದ ಪರೀಕ್ಷೆಯವರೆಗೂ ಬಾಳುವುದು ಅಪರೂಪ.

ಪರಮಾಣುಗಳು ಒಂದರೊಡನೊಂದು ಕೂಡುವುದು ಎಣಿಕೆಯ ಲೆಕ್ಕದಲ್ಲಿ. ಪ್ರಯೋಗಶಾಲೆಯಲ್ಲಿ ನಮಗೆ ಒದಗುವುದು ತಕ್ಕಡಿ ಮಾತ್ರ. ಆದುದರಿಂದ ತೂಗಿಯೇ ಎಣಿಸಬೇಕು. ಡಜನ್ ಎಂದರೆ ಹನ್ನೆರಡು ಎನ್ನುವಂತೆ, ಮೋಲ್ ಎಂದರೆ 6.02214076 × 10²³ ಕಣಗಳು. 12 ಗ್ರಾಂ ಇಂಗಾಲ-12ರಲ್ಲಿರುವ ಪರಮಾಣುಗಳ ಸಂಖ್ಯೆ ಎಂಬ ವ್ಯಾಖ್ಯೆಯನ್ನು ಕೈಬಿಟ್ಟು, 2019ರ ಮೇ 20ರಿಂದ ಈ ಸಂಖ್ಯೆಯನ್ನೇ ನಿಗದಿಗೊಳಿಸಲಾಗಿದೆ. ಹಳೆಯ ಪುಸ್ತಕವಿಟ್ಟುಕೊಂಡು ಓದುವವರು ಗಮನಿಸಬೇಕು. ಲೆಕ್ಕಗಳ ಉತ್ತರವೇನೂ ಬದಲಾಗದು.

ಇದಕ್ಕೆ ನಮ್ಮ ಅಡಿಕೆ ತೋಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂಬುದನ್ನು ಮನೆಯ ಹಿರಿಯರೆಲ್ಲ ಬಲ್ಲರು. ತೂಕವೇನೋ ಸರಿಸಮ, ಎಣಿಕೆ? ಮೈಲುತುತ್ತಿನ ಹರಳಿನ ಒಂದು ಮೋಲ್ ಸುಮಾರು 250 ಗ್ರಾಂ ತೂಗುತ್ತದೆ. (ಹರಳಿನೊಳಗೇ ಅಡಗಿರುವ ನೀರಿನ 90 ಗ್ರಾಂ ಇದರಲ್ಲಿ ಸೇರಿದೆ, ವಿದ್ಯಾರ್ಥಿಗಳು ಮರೆಯುವುದು ಇದನ್ನೇ.) ಅರಳಿದ ಸುಣ್ಣದ ಒಂದು ಮೋಲ್ 74 ಗ್ರಾಂ. ಹಾಗಾದರೆ ಕಿಲೋ ಮೈಲುತುತ್ತಿನಲ್ಲಿ 4 ಮೋಲ್, ಕಿಲೋ ಸುಣ್ಣದಲ್ಲಿ ಸುಮಾರು 13.5 ಮೋಲ್. ಒಂದು ಮೋಲ್ ಮೈಲುತುತ್ತಿಗೆ ಒಂದು ಮೋಲ್ ಸುಣ್ಣ ಧಾರಾಳ ಸಾಕು. ಎಂದರೆ 300 ಗ್ರಾಮಿನೊಳಗೆ ಕೆಲಸ ಮುಗಿಯಬೇಕು. ಮಿಕ್ಕದ್ದು ವ್ಯರ್ಥವೇ? ಅಲ್ಲ. ಅಂಗಡಿಯ ಸುಣ್ಣ ಶುದ್ಧವಾಗಿರುವುದಿಲ್ಲ. ತಾಮ್ರ ಸ್ವಲ್ಪವಾದರೂ ಬಿಡಿಯಾಗಿ ಉಳಿದರೆ ಗಿಡ ಸುಡುತ್ತದೆ. ಕಡಿಮೆ ಇರುವ ವಸ್ತುವೇ ಕ್ರಿಯೆಯ ಮಿತಿಯನ್ನು ನಿರ್ಧರಿಸುತ್ತದೆಂಬ ಪಾಠ ಇಲ್ಲಿದೆ.

ಹಿರಿಯರು ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಬೆರೆಸುತ್ತಾರೆ. ಅಲ್ಲಿ ಕಬ್ಬಿಣದ ಒಂದು ಪರಮಾಣು ಕರಗಿ ಹೋದಂತೆ ತಾಮ್ರದ ಒಂದು ಪರಮಾಣು ಬಂದು ಕೂರುತ್ತದೆ. ಮೋಲ್ ಲೆಕ್ಕದಲ್ಲಿ ಕಬ್ಬಿಣ 56 ಗ್ರಾಂ, ತಾಮ್ರ 63.5 ಗ್ರಾಂ. ಬಿದ್ದ ತಾಮ್ರವೆಲ್ಲ ಅಂಟಿಕೊಂಡೇ ಇದ್ದರೆ ಚೂರಿಯ ತೂಕ ಹೆಚ್ಚುವುದೋ, ಕಡಿಮೆಯಾಗುವುದೋ? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ.