ಬ್ಯಾಂಕ್ ಅಂದರೆ ಬರೀ ದುಡ್ಡಿನ ಜಾಗವಲ್ಲ

ಈ ಸಲ ಇಂಗ್ಲಿಷಿನ ಒಂದು ಸಣ್ಣ ಪದದ ಬಗ್ಗೆ ಬರೆಯುತ್ತಿದ್ದೇನೆ. ಬಿ, ಎ, ಎನ್, ಕೆ. ಬ್ಯಾಂಕ್. ನಾಲ್ಕೇ ಅಕ್ಷರ. ಇದು ಯಾರಿಗೆ ಗೊತ್ತಿಲ್ಲ ಎಂದು ನೀವು ನಗಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಅದರಿಂದ ನಮ್ಮಜ್ಜಿಯ ಎರಡು ಮೂಟೆ ರಾಗಿ ಹಾಳಾಯಿತು.

ನಮ್ಮೂರು ಕಪಿಲೆಯ ದಡದಲ್ಲಿದೆ, ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ. ಕಪಿಲೆ, ಕಬಿನಿ ಎರಡೂ ಒಂದೇ ಹೊಳೆಯ ಹೆಸರು ಎಂದು ನಿಮಗೆ ಗೊತ್ತೇ ಇದೆ. 2024ರ ಜುಲೈನಲ್ಲಿ ವಯನಾಡಿನ ಕಡೆ ಮಳೆ ಜೋರಾಗಿ ಕಬಿನಿ ಜಲಾಶಯ ತುಂಬಿತು. ಹೊಳೆಗೆ ನೀರು ಬಿಟ್ಟರು. ಆಗ ನಾನು ಇನ್ನೂ ಕೆಳಗಿನ ತರಗತಿಯಲ್ಲಿದ್ದೆ. ಅಂಗಡಿಯ ಜಗಲಿ ಮೇಲೆ ಯಾರೋ ಬಿಟ್ಟುಹೋದ ಇಂಗ್ಲಿಷ್ ಪೇಪರ್ ಇತ್ತು. ಅಜ್ಜಿ, "ಹೊಳೆ ಇಚಾರ ಏನಾರಾ ಬರ್ದವ್ರಾ ನೋಡ್ಬುಡು ಮಗ" ಅಂದರು. ನಾನು ದೊಡ್ಡ ಅಕ್ಷರ ಮಾತ್ರ ಕೂಡಿಸಿ ಓದಿದೆ. ಕಬಿನಿ, ಪೀಪಲ್, ಬ್ಯಾಂಕ್ಸ್, ಸೇಫ್. "ಬ್ಯಾಂಕಿನಲ್ಲಿ ದುಡ್ಡು ಇಟ್ಟಿರೋ ಜನ ಸೇಫಾಗಿದ್ದಾರಂತೆ" ಅಂದುಬಿಟ್ಟೆ! ಅಜ್ಜಿಗೆ ಸಮಾಧಾನವಾಯಿತು. "ಸದ್ಯ, ನನ್ ಪಿಂಚಣಿ ಕಾಸು ನೆಂದೋಗದಿಲ್ಲ" ಅಂತ ಎಲೆ ಅಡಿಕೆ ಹಾಕಿಕೊಂಡು ಕೂತರು. ಸಂಜೆ ಆಟೋದಲ್ಲಿ ಮೈಕ್ ಕಟ್ಟಿಕೊಂಡು, ನದಿಯ ಎರಡೂ ದಂಡೆಯವರು ಮೇಲಕ್ಕೆ ಹೋಗಬೇಕು ಎಂದು ಕೂಗಿಕೊಂಡು ಬಂದರು. ಹಸು, ಮೇಕೆ, ಪಾತ್ರೆ ಸಾಗಿಸುವುದರಲ್ಲಿ ಕತ್ತಲಾಯಿತು. ಅಜ್ಜಿ ಮನೆ ಹೊಳೆಬೀದಿಯಲ್ಲಿದೆ. ರಾಗಿ ಮೂಟೆ ಅಲ್ಲೇ ಉಳಿಯಿತು. ಪೇಪರಿನಲ್ಲೂ ಮೈಕಿನವರು ಹೇಳಿದ್ದೇ ಇತ್ತು. ನಾನು ಮಧ್ಯಾಹ್ನವೇ ಸರಿಯಾಗಿ ಓದಿದ್ದರೆ ಮೂಟೆ ಎತ್ತಲು ನಾಲ್ಕು ಗಂಟೆ ಹೊತ್ತಿತ್ತು.

ಶಾಲೆ ಶುರುವಾದ ಮೇಲೆ ಇಂಗ್ಲಿಷ್ ಮೇಷ್ಟ್ರು ಬೀರುವಿನಿಂದ ಡಿಕ್ಷನರಿ ತೆಗೆದುಕೊಟ್ಟರು. ನೋಡಿದರೆ ಬ್ಯಾಂಕ್ ಎಂಬುದಕ್ಕೆ ಅರ್ಥವೋ ಅರ್ಥ.

ಹೊಳೆಯ ದಡಕ್ಕೆ ಬ್ಯಾಂಕ್ ಎನ್ನುತ್ತಾರೆ. ತಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ದೇವಸ್ಥಾನ ಕಪಿಲೆಯ ಬ್ಯಾಂಕಿನಲ್ಲಿದೆ ಎಂದರೆ ಸ್ವಾಮಿಯ ಹೆಸರಲ್ಲಿ ಖಾತೆ ಇದೆ ಎಂದಲ್ಲ! ನದಿ ಹರಿದುಹೋಗುವ ಕಡೆಗೆ ಮುಖಮಾಡಿ ನಿಂತರೆ ಬಲಗೈ ಕಡೆಯದು ರೈಟ್ ಬ್ಯಾಂಕ್, ಎಡಗೈ ಕಡೆಯದು ಲೆಫ್ಟ್ ಬ್ಯಾಂಕ್. ನೀವು ಎತ್ತ ತಿರುಗಿ ನಿಂತರೂ ಇದು ಬದಲಾಗುವುದಿಲ್ಲ, ನೀರು ಹೋಗುವ ದಿಕ್ಕೇ ಲೆಕ್ಕ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನ ಇರುವುದು ರೈಟ್ ಬ್ಯಾಂಕಿನಲ್ಲಿ. ಮೈಸೂರಿನಿಂದ ಬರುವವರು ಲೆಫ್ಟ್ ಬ್ಯಾಂಕಿನಿಂದ ಸೇತುವೆ ದಾಟಿ ಬರುತ್ತಾರೆ. ಕಬಿನಿ ಬಲದಂಡೆ ನಾಲೆ ಎನ್ನುತ್ತೇವಲ್ಲ, ಅದು ರೈಟ್ ಬ್ಯಾಂಕ್ ಕೆನಾಲ್. ದಿನಾ ಬಾಯಲ್ಲಿ ಹೇಳುತ್ತಿದ್ದ ದಂಡೆಯೇ ಪೇಪರಿನ ಬ್ಯಾಂಕ್ ಎಂದು ನನಗೆ ಹೊಳೆದಿರಲಿಲ್ಲ.

ಇದಕ್ಕೆ ಇಂಗ್ಲಿಷಿನಲ್ಲಿ ಸಮಾನ ಪದಗಳೂ ಇವೆ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕಲಾಗುವುದಿಲ್ಲ. ಕೆರೆಗೂ ಸಮುದ್ರಕ್ಕೂ ಶೋರ್. ದೇಶದ ಸಮುದ್ರದ ಅಂಚು ಕೋಸ್ಟ್. ಮರಳಿದ್ದರೆ ಬೀಚ್. ಹೊಳೆಗೆ ಬ್ಯಾಂಕ್. ನಮ್ಮಲ್ಲಿ ದಡ, ದಂಡೆ, ತೀರ, ತಟ, ತಡಿ ಎಂದೆಲ್ಲ ಇವೆ. ದಂಡೆ ಎಂದರೆ ಮುಡಿಗೆ ಸುತ್ತುವ ಹೂವಿನ ದಂಡೆಯೂ ಹೌದು. ಹಳೆಯ ಕನ್ನಡದಲ್ಲಿ ಕರೆ ಎಂದರೂ ದಡವಂತೆ. ಆದರೆ ಕರೆ ಎಂದರೆ ಕೂಗುವುದು, ಬಟ್ಟೆಯ ಕಲೆ, ಹಾಲು ಕರೆಯುವುದು! ಇಂಗ್ಲಿಷಿನವರು ಕನ್ನಡ ಕಲಿಯಲು ಬಂದರೆ ಅವರ ರಾಗಿಯೂ ನೆನೆಯುತ್ತದೆ.

ಇನ್ನು ದುಡ್ಡಿನ ಬ್ಯಾಂಕ್. ಹಿಂದೆ ಇಟಲಿಯಲ್ಲಿ ಹಣ ಬದಲಾಯಿಸಿ ಕೊಡುವವರು ಬೆಂಚು ಹಾಕಿಕೊಂಡು ಕೂರುತ್ತಿದ್ದರು. ಬೆಂಚಿಗೆ ಅವರ ಮಾತಿನಲ್ಲಿ ಬಾಂಕಾ. ಅದೇ ಬ್ಯಾಂಕ್ ಆಯಿತು. ದಿವಾಳಿಯಾದವನಿಗೆ ಬ್ಯಾಂಕ್‌ರಪ್ಟ್ ಎನ್ನುವ ಪದ ಮುರಿದ ಬೆಂಚು ಎಂಬುದರಿಂದ ಬಂದಿದೆ. ನಮ್ಮ ತರಗತಿಯ ಹಿಂದಿನ ಬೆಂಚಿನವರು ಇದನ್ನು ಗಮನಿಸಬೇಕು. ನಮ್ಮ ಕಡೆ ಹೆಸರಾಗಿದ್ದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 1913ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾಗಿ, 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿಹೋಯಿತು. ಅಜ್ಜಿ ಮಾತ್ರ ಈಗಲೂ "ಮೈಸೂರ್ ಬ್ಯಾಂಕು" ಎಂದೇ ಅನ್ನುತ್ತಾರೆ.

ದುಡ್ಡಲ್ಲದೆ ಬೇರೆ ಏನನ್ನಾದರೂ ಕೂಡಿಟ್ಟು, ಬೇಕಾದವರಿಗೆ ಕೊಡುವ ಜಾಗಕ್ಕೂ ಬ್ಯಾಂಕ್ ಎನ್ನುತ್ತಾರೆ. ಬ್ಲಡ್ ಬ್ಯಾಂಕ್, ಬೀಜದ ಬ್ಯಾಂಕ್, ಕಣ್ಣಿನ ಬ್ಯಾಂಕ್. ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣು ದಾನವಾಯಿತು, 2021ರಲ್ಲಿ ಪುನೀತ್ ಅವರದೂ ದಾನವಾಯಿತು. ಈ ಬ್ಯಾಂಕಿನಲ್ಲಿ ಇಟ್ಟವರು ವಾಪಸು ಕೇಳುವುದಿಲ್ಲ.

ಬ್ಯಾಂಕ್ ಕ್ರಿಯಾಪದವೂ ಆಗುತ್ತದೆ. ವಿಮಾನ ತಿರುಗುವಾಗ ಒಂದು ಕಡೆ ವಾಲುತ್ತದಲ್ಲ, ಅದಕ್ಕೂ ಬ್ಯಾಂಕ್. ನಂಜನಗೂಡು ರಸ್ತೆಯ ಮಂಡಕಳ್ಳಿ ವಿಮಾನ ನಿಲ್ದಾಣದ ಹತ್ತಿರ ಹೋದಾಗ ಮೇಲೆ ನೋಡಿ. ಬ್ಯಾಂಕ್ ಆನ್ ಎಂದರೆ ನಂಬಿಕೊಳ್ಳುವುದು. ಅಜ್ಜಿ ಆವತ್ತು ನನ್ನ ಇಂಗ್ಲಿಷನ್ನು ಬ್ಯಾಂಕ್ ಆನ್ ಮಾಡಿದ್ದರು.

ಹಾಗಾದರೆ ಯಾವ ಅರ್ಥ ಎಂದು ತಿಳಿಯುವುದು ಹೇಗೆ? ಪದದ ಅಕ್ಕಪಕ್ಕ ನೋಡಬೇಕು. ಹತ್ತಿರ ನದಿಯ ಹೆಸರಿದ್ದರೆ ಮೊದಲು ದಡವೇ ಎಂದುಕೊಳ್ಳಿ. ನಾನು ಒಂದು ನಿಯಮವನ್ನೂ ಮಾಡಿದ್ದೆ: ಆನ್ ಎಂಬುದು ಬ್ಯಾಂಕಿನ ಮುಂಚೆ ಬಂದರೆ ದಡ, ಆಮೇಲೆ ಬಂದರೆ ನಂಬಿಕೆ. ಖುಷಿಯಿಂದ ಮೇಷ್ಟ್ರಿಗೆ ತೋರಿಸಿದೆ. ಅವರು ನಕ್ಕು, ಬೋರ್ಡಿನ ಮೇಲೆ ಒಂದು ವಾಕ್ಯ ಬರೆದರು. ನನ್ನ ನಿಯಮ ಅಲ್ಲೇ ಮುರಿದುಬಿತ್ತು. ಅದು ಹೀಗಿದೆ:

"ದಿ ಬ್ಯಾಂಕ್ ಆನ್ ದಿ ರೈಟ್ ಬ್ಯಾಂಕ್ ಈಸ್ ಕ್ಲೋಸ್ಡ್, ಬಟ್ ಯು ಕ್ಯಾನ್ ಬ್ಯಾಂಕ್ ಆನ್ ಮಿ."

ಇದನ್ನು ಕನ್ನಡಕ್ಕೆ ಮಾಡಿ, ಹೆಸರು ಬರೆದು, ಶನಿವಾರದೊಳಗೆ ಈ ಪತ್ರಿಕೆಯ ಕೆಳಗಿನ ಲಕೋಟೆಯಲ್ಲಿ ಹಾಕಿ. ಸರಿ ಉತ್ತರ ಮುಂದಿನ ಸಂಚಿಕೆಯಲ್ಲಿ.

– ಏಳನೇ ತರಗತಿ