ಅರೆಕಾಲಿಕ ವಿಡಿಯೊ ತಯಾರಿಕೆಗೆ ದರ ನಿಗದಿ: ವೆಚ್ಚ ಲೆಕ್ಕದ ಒಂದು ಪಾಠ

ಕಳೆದ ದೀಪಾವಳಿಯ ಲೆಕ್ಕಪುಸ್ತಕ ಪೂಜೆ ಮುಗಿದ ಮರುವಾರ, ಹುಬ್ಬಳ್ಳಿಯ ಗೋಕುಲ ರಸ್ತೆಯ ನಮ್ಮ ಹಳೆಯ ಕಕ್ಷಿದಾರರೊಬ್ಬರು ಮಗನೊಂದಿಗೆ ನನ್ನ ಕಚೇರಿಗೆ ಬಂದಿದ್ದರು. ಮಗ ವಾರಕ್ಕೆ ಆರು ದಿನ ಕಾರ್ಖಾನೆಯೊಂದರಲ್ಲಿ ನೌಕರ. ಭಾನುವಾರ ಹಾಗೂ ಸಂಜೆಯ ವೇಳೆಯಲ್ಲಿ ಸಣ್ಣ ಉದ್ದಿಮೆಗಳಿಗೆ ಪರಿಚಯ ವಿಡಿಯೊಗಳನ್ನು ತಯಾರಿಸಿಕೊಡುತ್ತಾನೆ. ಕೈತುಂಬ ಕೆಲಸವಿರುವುದರಿಂದ ನೌಕರಿ ಬಿಟ್ಟು ಇದನ್ನೇ ಪೂರ್ಣಾವಧಿ ಉದ್ಯೋಗವಾಗಿಸಿಕೊಳ್ಳಬೇಕೆಂಬುದು ಅವನ ಆಸೆ. ಇಷ್ಟು ಕೆಲಸವಿದ್ದರೂ ಕ್ಯಾಮೆರಾ ಸಾಲದ ಕಂತು ಸಂಬಳದಿಂದಲೇ ಹೋಗುತ್ತಿದೆಯಲ್ಲ ಎಂಬುದು ತಂದೆಯ ಚಿಂತೆ. ನಾವು ಮೂವರೂ ಕುಳಿತು ಲೆಕ್ಕ ಹಾಕಿದೆವು. ಗುರುತು ಸಿಗದಂತೆ ಅಂಕಿಗಳನ್ನು ಬದಲಿಸಿ, ದುಂಡಗಾಗಿಸಿ ಇಲ್ಲಿ ಕೊಟ್ಟಿದ್ದೇನೆ.

ಒಂದು ಕೆಲಸದ ಲೆಕ್ಕ

ಮೂರು ನಿಮಿಷದ ಒಂದು ವಿಡಿಯೊಗೆ ಅವನು ಪಡೆಯುತ್ತಿದ್ದುದು ರೂ. 18,000. ಒಂದೇ ಭಾನುವಾರದ ಚಿತ್ರೀಕರಣವಾದ್ದರಿಂದ ಇದು ಉತ್ತಮ ಸಂಪಾದನೆಯೆಂದೇ ಅವನ ನಂಬಿಕೆ. ಆದರೆ ಚಿತ್ರೀಕರಣವೆಂಬುದು ಕೆಲಸದ ಒಂದು ಭಾಗ ಮಾತ್ರ. ವ್ಯಯವಾದ ಗಂಟೆಗಳನ್ನು ಒಂದೊಂದಾಗಿ ಬರೆಸಿದೆ: ಮಾತುಕತೆ ಮತ್ತು ಕಥನ ಬರಹ 5, ಸ್ಥಳ ವೀಕ್ಷಣೆ 3, ಚಿತ್ರೀಕರಣ 9, ಪ್ರಯಾಣ 3, ದೃಶ್ಯಗಳ ವಿಂಗಡಣೆ 3, ಸಂಕಲನ 18, ಬಣ್ಣ ಮತ್ತು ಧ್ವನಿ ಹೊಂದಾಣಿಕೆ 4, ಗ್ರಾಹಕರು ಹೇಳಿದ ಮೂರು ತಿದ್ದುಪಡಿಗಳಿಗೆ 9, ಬಿಲ್ಲು ಮತ್ತು ವಸೂಲಿಗೆ 2. ಒಟ್ಟು 56 ಗಂಟೆ.

ಸಹಾಯಕನ ಕೂಲಿ, ದೀಪಗಳ ಬಾಡಿಗೆ, ವಾಹನ, ನಿರೂಪಣೆಯ ಧ್ವನಿ, ಸಂಗೀತದ ಪರವಾನಗಿ ಸೇರಿ ನೇರ ವೆಚ್ಚ ರೂ. 8,000. ಉಳಿದುದು ರೂ. 10,000.

ಕಾಣದ ವೆಚ್ಚ

ಲೇತ್ ಯಂತ್ರ ಇಟ್ಟುಕೊಂಡು ಜಾಬ್‌ವರ್ಕ್ ಮಾಡುವ ನಮ್ಮ ಸದಸ್ಯರಿಗೆ ಯಂತ್ರದ ಗಂಟೆ ದರವನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಕ್ಯಾಮೆರಾ ಮತ್ತು ಕಂಪ್ಯೂಟರ್ ಕೂಡ ಯಂತ್ರಗಳೇ. ಕ್ಯಾಮೆರಾ, ಮಸೂರ, ಮೈಕುಗಳ ಬೆಲೆ ರೂ. 2,40,000, ನಾಲ್ಕು ವರ್ಷದ ಬಾಳಿಕೆಯೆಂದರೆ ವರ್ಷಕ್ಕೆ ರೂ. 60,000. ಕಂಪ್ಯೂಟರ್ ರೂ. 90,000, ಮೂರು ವರ್ಷಕ್ಕೆ ಹಂಚಿದರೆ ರೂ. 30,000. ಸಾಫ್ಟ್‌ವೇರ್ ಮತ್ತು ಶೇಖರಣಾ ಡಿಸ್ಕುಗಳಿಗೆ ರೂ. 24,000, ವಿಮೆ ಮತ್ತು ದುರಸ್ತಿಗೆ ರೂ. 12,000, ವಿದ್ಯುತ್ತು, ಇಂಟರ್‌ನೆಟ್, ದೂರವಾಣಿಗೆ ರೂ. 18,000, ಇತರೆ ರೂ. 6,000. ಒಟ್ಟು ವಾರ್ಷಿಕ ಸ್ಥಿರ ವೆಚ್ಚ ರೂ. 1,50,000.

ಇದನ್ನು ಎಷ್ಟು ಗಂಟೆಗಳಿಗೆ ಹಂಚಬೇಕು? ಅರೆಕಾಲಿಕರು ಎಡವುವುದು ಇಲ್ಲಿಯೇ. ಹಬ್ಬ, ಮದುವೆ, ಅನಾರೋಗ್ಯ ಕಳೆದರೆ ಅವನಿಗೆ ದೊರೆಯುವುದು 40 ವಾರ. ವಾರಕ್ಕೆ 15 ಗಂಟೆಯಂತೆ 600 ಗಂಟೆ. ಗ್ರಾಹಕರನ್ನು ಹುಡುಕಲು, ಲೆಕ್ಕ ಬರೆಯಲು 100 ಗಂಟೆ ಹೋದರೆ ಬಿಲ್ಲು ಮಾಡಬಹುದಾದುದು 500 ಗಂಟೆ. ಅಂದರೆ ಗಂಟೆಗೆ ರೂ. 300 ಸ್ಥಿರ ವೆಚ್ಚ. 56 ಗಂಟೆಗೆ ರೂ. 16,800. ಕೈಯಲ್ಲಿ ಉಳಿದಿದ್ದ ರೂ. 10,000 ಇದಕ್ಕೇ ಸಾಲದು. ಆತ ತನ್ನ ದುಡಿಮೆಯನ್ನು ಉಚಿತವಾಗಿ ಕೊಟ್ಟುದಲ್ಲದೆ, ಪ್ರತಿ ವಿಡಿಯೊಗೆ ರೂ. 6,800ನ್ನು ತನ್ನ ಸಂಬಳದಿಂದ ಗ್ರಾಹಕರಿಗೆ ಸಹಾಯಧನವಾಗಿ ನೀಡುತ್ತಿದ್ದ. ತಂದೆಯ ಚಿಂತೆಗೆ ಉತ್ತರ ಸಿಕ್ಕಿತು. ಮಗ ಬಹಳ ಹೊತ್ತು ಮಾತನಾಡಲಿಲ್ಲ.

ಕನಿಷ್ಠ ದರ

ಅವನ ಸಂಬಳ ತಿಂಗಳಿಗೆ ರೂ. 40,000; 200 ಗಂಟೆಯ ದುಡಿಮೆ; ಗಂಟೆಗೆ ರೂ. 200. ಕಾರ್ಖಾನೆಯಲ್ಲಿ ಹೆಚ್ಚುವರಿ ವೇಳೆಗೆ ಎರಡರಷ್ಟು ವೇತನ ಕೊಡುವುದು ಕಾನೂನು. ವಿಶ್ರಾಂತಿಯ ಭಾನುವಾರಕ್ಕೂ ಅದೇ ಅಳತೆ ಹಿಡಿದು ರೂ. 400 ಎಂದಿಟ್ಟುಕೊಂಡೆವು. ಸ್ಥಿರ ವೆಚ್ಚ ಸೇರಿ ಗಂಟೆಗೆ ರೂ. 700. 56 ಗಂಟೆಗೆ ರೂ. 39,200, ನೇರ ವೆಚ್ಚ ರೂ. 8,000, ಒಟ್ಟು ರೂ. 47,200. ಲಾಭ ಮತ್ತು ಅನಿರೀಕ್ಷಿತ ನಷ್ಟಕ್ಕೆ ಶೇಕಡಾ 10 ಸೇರಿಸಿದರೆ ರೂ. 51,920.

ರೂ. 18,000 ಕೊಡುತ್ತಿದ್ದವರು ಇಷ್ಟು ಕೊಡುವರೇ ಎಂಬ ಪ್ರಶ್ನೆ ಸಹಜ. ದರವನ್ನು ಇಳಿಸುವುದರ ಬದಲು ಗಂಟೆಗಳನ್ನು ಇಳಿಸುವುದು ಸರಿಯಾದ ಮಾರ್ಗ. ಕಥನದ ಮುಖ್ಯಾಂಶಗಳನ್ನು ಗ್ರಾಹಕರೇ ಬರೆದು ಕೊಟ್ಟರೆ 3 ಗಂಟೆ, ಸ್ಥಳ ವೀಕ್ಷಣೆಯನ್ನು ಮೊದಲ ಮಾತುಕತೆಯ ದಿನವೇ ಮುಗಿಸಿದರೆ 3 ಗಂಟೆ, ತಿದ್ದುಪಡಿಯನ್ನು ಒಂದಕ್ಕೆ ಸೀಮಿತಗೊಳಿಸಿದರೆ 6 ಗಂಟೆ ಉಳಿಯುತ್ತದೆ. 44 ಗಂಟೆಗೆ ಅದೇ ಕ್ರಮದಲ್ಲಿ ರೂ. 42,680. ಮುಂದಿನ ಪ್ರತಿ ತಿದ್ದುಪಡಿಗೆ ಮೂರು ಗಂಟೆಯ ದರ ರೂ. 2,100 ಎಂದು ಮೊದಲೇ ಬರೆದುಕೊಡಬೇಕು. ಇನ್ನೊಂದು ಅಂಶ: 500 ಗಂಟೆಯಲ್ಲಿ ವರ್ಷಕ್ಕೆ ಹತ್ತು ಹನ್ನೊಂದು ಕೆಲಸವಷ್ಟೇ ಸಾಧ್ಯ. ಹತ್ತು ದಿನದ ಚಿತ್ರೀಕರಣಕ್ಕಾಗಿ ಸ್ವಂತ ಕ್ಯಾಮೆರಾ ಇಟ್ಟುಕೊಂಡರೆ ದಿನವೊಂದಕ್ಕೆ ರೂ. 6,000 ಬೀಳುತ್ತದೆ. ಬಾಡಿಗೆ ಇದಕ್ಕಿಂತ ಕಡಿಮೆಯಿದ್ದರೆ ಕೊಳ್ಳುವುದು ಜಾಣತನವಲ್ಲ.

ತೆರಿಗೆ ಮತ್ತು ವಸೂಲಿ

ಸೇವೆಯ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದಿದ್ದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ನೋಂದಣಿಯಿಲ್ಲದೆ ಬಿಲ್ಲಿನಲ್ಲಿ ಆ ತೆರಿಗೆಯನ್ನು ವಸೂಲು ಮಾಡತಕ್ಕದ್ದೂ ಅಲ್ಲ. ಗ್ರಾಹಕರು ಕಡಿತಗೊಳಿಸುವ ಟಿಡಿಎಸ್ ವೆಚ್ಚವಲ್ಲ. ಅದು ಅವನ ಹೆಸರಿಗೆ ಜಮೆಯಾಗುವ ತೆರಿಗೆ. ಈ ಆದಾಯ ಸಂಬಳದ ಮೇಲೆ ಕೂಡುವುದರಿಂದ ಅವನಿಗೆ ಅನ್ವಯಿಸುವ ಮೇಲಿನ ಹಂತದ ದರದಲ್ಲಿ ತೆರಿಗೆ ಬೀಳುತ್ತದೆ ಎಂಬುದನ್ನು ಮರೆಯಬಾರದು. ಹೊರಗಿನ ಕೆಲಸಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಬೇಕೇ ಎಂಬುದನ್ನು ನೇಮಕಾತಿ ಪತ್ರದಲ್ಲಿ ನೋಡಿಕೊಳ್ಳುವುದು ಒಳಿತು.

ಮುಂಗಡವಿಲ್ಲದೆ ಚಿತ್ರೀಕರಣ ಆರಂಭಿಸಬಾರದು. ಪೂರ್ಣ ಹಣ ಬಂದ ನಂತರವೇ ಅಂತಿಮ ಪ್ರತಿ ಕೊಡಬೇಕು. ಉದ್ಯಮ್ ನೋಂದಣಿ ಪಡೆದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆಯ ರಕ್ಷಣೆಯಿದೆ: ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನದೊಳಗೆ ಪಾವತಿಯಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ. ವಿಡಿಯೊ ಮಾಡಿಸಿಕೊಳ್ಳುವ ನಮ್ಮ ಸದಸ್ಯರೂ ಇದನ್ನು ಗಮನಿಸಬೇಕು.

ಆ ಯುವಕ ನೌಕರಿ ಬಿಡಲಿಲ್ಲ. ಹೊಸ ದರಪಟ್ಟಿಯನ್ನು ಹಳೆಯ ಗ್ರಾಹಕರಿಗೆಲ್ಲ ಕಳುಹಿಸಿದ. ಹಲವರು ದೂರವಾದರು, ಕೆಲವರು ತಿದ್ದುಪಡಿಯ ನಿಯಮಕ್ಕೆ ಒಪ್ಪಿ ಉಳಿದರು. ಕೆಲಸ ಅರ್ಧಕ್ಕಿಳಿದಿದೆ, ಆದರೆ ಕ್ಯಾಮೆರಾದ ಕಂತು ಈಗ ಕ್ಯಾಮೆರಾದ ಸಂಪಾದನೆಯಿಂದಲೇ ಹೋಗುತ್ತಿದೆ. ಈ ದರದಲ್ಲಿ ಒಂದು ವರ್ಷ ಸಾಗಿದ ಮೇಲೆ ಪೂರ್ಣಾವಧಿಯ ಮಾತು ಆಡೋಣವೆಂದು ಹೇಳಿ ಕಳುಹಿಸಿದ್ದೇನೆ. ತಂದೆ ಮಾತ್ರ ಹೊರಡುವ ಮುನ್ನ, ತಮ್ಮ ಕಾರ್ಖಾನೆಯ ಗಂಟೆ ದರವನ್ನೂ ಒಮ್ಮೆ ನೋಡಿಕೊಡಬೇಕೆಂದು ಕೇಳಿದರು. ಅದನ್ನು ಲೆಕ್ಕ ಹಾಕಿ ಆರು ವರ್ಷವಾಗಿತ್ತು.